ಆದರೂ ಮುಂದುವರಿಯಿರಿ

ಬೆಳಿಗ್ಗೆ ಎಂಟಕ್ಕೆ ನೋಂದಣಿ ಕಿಟಕಿಯ ಹಿಂದೆ ಕೂತ ವೆಸೆಲಿನಾ ಕಂಪ್ಯೂಟರ್ ತೆರೆದಾಗ, ರೋಗಿಗಳ ಕಡತದ ಬದಲು ಕೆಂಪು ಎಚ್ಚರಿಕೆ ಬಂತು: ‘ಈ ಸಂಪರ್ಕ ಸುರಕ್ಷಿತವಲ್ಲ. ನಿಮ್ಮ ಸರ್ವರ್ ಹೆಸರಿನಲ್ಲಿ ಬೇರೆ ಯಾರೋ ಇರಬಹುದು.’ ಕೆಳಗೆ ಸಣ್ಣಕ್ಷರದಲ್ಲಿ, ‘ಆದರೂ ಮುಂದುವರಿಯಿರಿ.’

ಡ್ಯಾನ್ಯೂಬ್ ದಂಡೆಯ ಆ ಪುಟ್ಟ ಆಸ್ಪತ್ರೆಗೆ ಇದು ಹೊಸದಲ್ಲ. ಸರ್ವರ್ ಅಸಲಿಯೆಂದು ತೋರಿಸುವ ಪ್ರಮಾಣಪತ್ರದ ಅವಧಿ ಮುಗಿದಿದ್ದರೂ ಮೂರು ವರ್ಷ ಯಾರೂ ಅದನ್ನು ನವೀಕರಿಸಿರಲಿಲ್ಲ. “ಬೊಗಳೋ ನಾಯಿ ಅದು, ಕಚ್ಚಲ್ಲ. ಒತ್ತಿ, ಮುಂದೆ ಹೋಗಿ” ಎಂದು ಕಂಪ್ಯೂಟರ್ ನೋಡಿಕೊಳ್ಳುವ ಪ್ಲಾಮೆನ್ ಎಲ್ಲರಿಗೂ ಕಲಿಸಿದ್ದ. ಕೊನೆಗೂ ಫೆಬ್ರವರಿಯಲ್ಲಿ ಅವನೇ ಹೊಸದು ಹಾಕಿದ್ದ. ಆಮೇಲೆ ಎಚ್ಚರಿಕೆ ನಿಂತಿತ್ತು. ಮತ್ತೆ ಯಾಕೆ ಬಂತು ಎಂದು ವೆಸೆಲಿನಾ ಮೊದಲ ಬಾರಿಗೆ ವಿವರ ತೆರೆದು ಓದಿದಳು. ಪ್ರಮಾಣಪತ್ರ ನಿನ್ನೆಯದು. ಕೊಟ್ಟವರ ಹೆಸರು ಅವಳು ಕೇಳಿಯೇ ಇರದ್ದು. ಪ್ಲಾಮೆನ್ ಫೋನ್ ಎತ್ತಲಿಲ್ಲ.

“ಏನಮ್ಮಾ, ಕಂಪ್ಯೂಟರ್‌ಗೂ ಇವತ್ತು ಜ್ವರಾನಾ?” ಸಾಲಿನ ತಲೆಯಲ್ಲಿದ್ದ ಕಿನಾ ಅಜ್ಜಿ ಕೇಳಿದಳು. ಹಿಂದಿನವರು ನಕ್ಕರು. ಸಾಲು ಬಾಗಿಲು ದಾಟಿದಾಗ ನಗು ಬೈಗುಳವಾಯಿತು. ಗಲಾಟೆ ಕೇಳಿ ನಿರ್ದೇಶಕ ಡಾಕ್ಟರ್ ಬಲಬಾನೊವ್ ಕೆಳಗಿಳಿದು ಬಂದರು.

“ಮೂರು ವರ್ಷ ಒತ್ತಿದ ಬೆರಳಿಗೆ ಇವತ್ತೇನಾಯ್ತು?”

“ಇದು ಆವತ್ತಿನ ಥರ ಅಲ್ಲ ಡಾಕ್ಟ್ರೇ. ಹೆಸರೇ ಬೇರೆ ಇದೆ. ಪ್ಲಾಮೆನ್ ಬರೋವರೆಗೆ ಕಾಗದದಲ್ಲಿ ಬರ್ಕೊಳ್ತೀನಿ.”

“ಕಾಗದದಲ್ಲಿ ಬರ್ಕೊಳ್ಳೋಕೆ ನಮ್ಮಜ್ಜೀನ ಕೂರಿಸ್ತಿದ್ದೆ. ಸರೀರಿ.” ಅವರು ಅವಳ ಭುಜದ ಮೇಲಿಂದ ಬಾಗಿ ಒತ್ತಿಯೇಬಿಟ್ಟರು. ಪುಟ ತೆರೆಯಿತು, ಕಂಪ್ಯೂಟರಿನಲ್ಲೇ ಉಳಿಸಿಟ್ಟಿದ್ದ ಅವಳ ಗುಪ್ತಪದ ತಾನಾಗಿ ತುಂಬಿಕೊಂಡಿತು. ಅವರು ಇನ್ನೊಮ್ಮೆ ಒತ್ತಿದರು. “ನೋಡಿ, ಪ್ರಪಂಚ ಮುಳುಗಿತಾ?” ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

ಆ ಗುಪ್ತಪದ ಕದ್ದವರ ಕೈಯಿಂದ ಮೂರು ವಾರಕ್ಕೆ ಊರಿನ ನಾಲ್ಕು ಸಾವಿರ ಜನರ ಹೆಸರು, ವಿಳಾಸ, ಕಾಯಿಲೆ ಅಂತರ್ಜಾಲದಲ್ಲಿ ಬಿದ್ದಿದ್ದವು. ತನಿಖೆಯವರ ಕೈಗೆ ಸಿಕ್ಕ ದಾಖಲೆ ಒಂದೇ ಸಾಲಿನದು: ವೆಸೆಲಿನಾ, 8.27, ಎಚ್ಚರಿಕೆ ಮೀರಿ ಪ್ರವೇಶ. “ಅದು ಅವರ ಕುರ್ಚಿ, ಅವರ ಗುಪ್ತಪದ. ನಾನೇನು ಹೇಳ್ಲಿ?” ಎಂದರು ನಿರ್ದೇಶಕರು. ವೆಸೆಲಿನಾ ಕಿನಾ ಅಜ್ಜಿಯನ್ನು ಸಾಕ್ಷಿಗೆ ಕರೆಸಿದಳು. ಅಜ್ಜಿ ಸ್ಕಾರ್ಫಿನ ಅಂಚು ತಿರುವುತ್ತ ನಿಂತಳು. “ನನ್ನ ಕಣ್ಣಿಗೆ ಪೊರೆ ಬಂದಿದೆ ಮಗಾ. ಯಾರ ಬೆರಳೋ ಕಾಣ್ಲಿಲ್ಲ.” ಹೊರಗೆ ಬಂದ ಮೇಲೆ ತಗ್ಗಿದ ದನಿಯಲ್ಲಿ ಸೇರಿಸಿದಳು: “ಆಪರೇಷನ್ನಿಗೆ ಚೀಟಿ ಆ ಡಾಕ್ಟ್ರೇ ಬರ್ಕೊಡ್ಬೇಕಲ್ಲ, ಬೇಜಾರು ಮಾಡ್ಕೋಬೇಡ.”

ಕೆಲಸ ಕಳೆದುಕೊಂಡ ವಾರ ವೆಸೆಲಿನಾ, ಶಿಶುವಿಹಾರದ ಅಡುಗೆಯವಳಾಗಿದ್ದ ತೊದೊರ್ಕಾಳ ಮನೆ ಹುಡುಕಿಕೊಂಡು ಹೋದಳು. ಒಂಬತ್ತು ವರ್ಷದ ಹಿಂದೆ ತೊದೊರ್ಕಾಗೆ ಕ್ಷಯ ಬಂದು ಪೂರ್ತಿ ವಾಸಿಯಾಗಿತ್ತು. ಅಂತರ್ಜಾಲದಲ್ಲಿ ಬಿದ್ದ ಪಟ್ಟಿಯಲ್ಲಿ ಕ್ಷಯ ಎಂದಷ್ಟೇ ಇತ್ತು. ಮಕ್ಕಳ ತಾಯಂದಿರು ದೂರಿಗೆ ಸಹಿ ಹಾಕಿ ಅವಳನ್ನು ಕೆಲಸದಿಂದ ತೆಗೆಸಿದ್ದರು.

“ಒತ್ತಿದ್ದು ನಾನಲ್ಲ. ಇದನ್ನ ನಿಮಗಾದ್ರೂ ಹೇಳ್ಬೇಕು ಅನ್ನಿಸ್ತು,” ಎಂದಳು ವೆಸೆಲಿನಾ.

“ಇರ್ಬಹುದು. ಯಾರು ಒತ್ತಿದ್ರು ಅಂತ ಗೊತ್ತಾದ್ರೆ ಆ ತಾಯಂದಿರು ನನ್ನ ಕೈಯಡುಗೆ ತಿನ್ನಿಸ್ತಾರಾ?” ತೊದೊರ್ಕಾಳ ದನಿಯಲ್ಲಿ ಸಿಟ್ಟಿರಲಿಲ್ಲ. “ಕೂತ್ಕೊಳ್ಳಿ. ಎರಡು ವಾರದಿಂದ ಒಬ್ಬಳಿಗೇ ಅಡುಗೆ ಮಾಡಿ ಸಾಕಾಗಿದೆ.”

ಬಿಳಿ ಅವರೆಕಾಳಿನ ಸಾರಿನ ಬಟ್ಟಲು ಮುಂದೆ ಬಂತು, ಜೊತೆಗೆ ದಪ್ಪ ರೊಟ್ಟಿಯ ಚೂರು. ವೆಸೆಲಿನಾ ಚಮಚ ತುಂಬಿ ಎತ್ತಿದಳು. ತುಟಿಯ ಹತ್ತಿರ ಬಂದ ಕೈ ಒಂದೇ ಒಂದು ಕ್ಷಣ ನಿಂತಿತು.

ತೊದೊರ್ಕಾ ಅದನ್ನು ನೋಡಿದಳು. ಆಮೇಲೆ ಮುಖ ಒಲೆಯ ಕಡೆಗೆ ತಿರುಗಿಸಿ, “ಬಿಸಿ ಇದೆ, ಆರಿಸ್ಕೊಂಡು ಕುಡೀರಿ” ಎಂದಳು.