ಅವಿರೋಧ ಆಯ್ಕೆ

ಗೌಸಿಯಾ ನಾಮಪತ್ರ ಹಿಂಪಡೆಯಲು ಒಪ್ಪಿದಳೆಂಬ ಸುದ್ದಿ ಬಂದಾಗ ಶ್ರೀಶೈಲ ಸಾವುಕಾರರಿಗೆ ಸಂತೋಷಕ್ಕಿಂತ ಮೊದಲು ಅನುಮಾನ ಬಂತು. ಪುಕ್ಕಟೆ ಸಿಕ್ಕಿದ್ದನ್ನು ನಂಬಿ ಅವರು ಸಾವುಕಾರರಾದವರಲ್ಲ.

ಹುನಗುಂದ ತಾಲೂಕಿನ ಆ ಊರಿನ ಪಂಚಾಯಿತಿಯಲ್ಲಿ ಒಂದು ಸ್ಥಾನ ಖಾಲಿ ಬಿದ್ದಿತ್ತು. ಮಹಿಳಾ ಮೀಸಲು. ಉಳಿದ ಸದಸ್ಯರಲ್ಲಿ ಅರ್ಧ ಸಾವುಕಾರರ ಕಡೆ, ಅರ್ಧ ದುಡಿಯುವವರ ಸಂಘದ ಕಡೆ. ಮೊದಲು ಪಂಚಾಯಿತಿ ಗೆದ್ದು, ಆಮೇಲೆ ತಾಲೂಕು, ಆಮೇಲೆ ಜಿಲ್ಲೆ, ಹೀಗೆ ಮತ ಕೇಳಿ ಕೇಳಿಯೇ ಸಮಾಜವಾದ ತರುತ್ತೇವೆನ್ನುವ ಜನ ಸಂಘದವರು. ಬೇಕಾದರೆ ತರಲಿ, ಸಾವುಕಾರರದೇನೂ ತಕರಾರಿಲ್ಲ. ಅವರ ಚಿಂತೆ ಒಂದೇ: ಪಂಚಾಯಿತಿ ಜಾಗದಲ್ಲಿ ಎದ್ದು ನಿಂತಿದ್ದ ತಮ್ಮ ಮಗ್ಗದ ಶೆಡ್ಡು. ಆ ಜಾಗ ಬಿಡಿಸಿ, ಇಳಕಲ್ ಸೀರೆ ನೇಯುವ ಹೆಣ್ಣುಮಕ್ಕಳ ಸಹಕಾರಿಗೆ ಕೊಡಬೇಕೆಂದು ಸಂಘ ಹಟ ಹಿಡಿದಿತ್ತು. ಈ ಸ್ಥಾನ ಯಾರಿಗೋ, ಜಾಗ ಅವರಿಗೆ.

ಕಣದಲ್ಲಿ ಮೂವರು. ಸಂಘದ ಗೌಸಿಯಾ, ಸಾವುಕಾರರ ಸೊಸೆ ಪದ್ಮಶ್ರೀ. ಮೂರನೆಯವಳು, ಸೊಸೆಯ ನಾಮಪತ್ರ ತಿರಸ್ಕಾರವಾದರೆ ಇರಲೆಂದು ಡಮ್ಮಿಯಾಗಿ ನಿಲ್ಲಿಸಿದ್ದ ಮನೆಯ ಅಡುಗೆಯ ಶಾರವ್ವ.

“ಹಿಂದ ಸರಿಯಾಕ ಆಕಿ ಏನ ಕೇಳ್ತಾಳ?” ಎಂದರು ಸಾವುಕಾರರು.

ಸುದ್ದಿ ತಂದವಳು ಶಾರವ್ವನೇ. ಗೌಸಿಯಾಳ ಓಣಿಯವಳು. ಚಹಾ ಇಟ್ಟು ಹೇಳಿದಳು: “ರೊಕ್ಕ ಬ್ಯಾಡಂತ್ರಿ. ನಿಮ್ಮ ಸೊಸಿ ಮುಂದ ಸೋತ್ರ ಮಾರಿ ತೋರ್ಸಾಕ ಆಗೂದಿಲ್ಲಂತ. ಅವ್ರೂ ಸರೀಲಿ, ನಾನೂ ಸರೀತೇನಿ, ಬಡವರ ಪೈಕಿ ಯಾರರ ಅವಿರೋಧ ಆಗ್ಲಿ ಅಂತಾಳ್ರಿ.”

“ಹಂಗಂದ್ರ ಉಳದಾಕಿ ನೀನ ಅಲ್ಲೇನ!”

“ಅಯ್ಯ, ನಾ ಒಲ್ಲೆರಿ. ನನಗೇನ ತಿಳೀತದ?”

ಅವಳ ಗಾಬರಿ ಸಾವುಕಾರರಿಗೆ ಬಹಳ ಹಿಡಿಸಿತು. ಸೊಸೆ ಧಾರವಾಡದಲ್ಲಿ ಕಲಿತವಳು. ಗೆದ್ದರೆ ಕಾಗದ ಓದಿ ನೋಡಿಯೇ ಸಹಿ ಹಾಕುವ ಅಪಾಯವಿತ್ತು. ಶಾರವ್ವ ಹಾಗಲ್ಲ, ಕೂಡ್ರು ಎಂದರೆ ಕೂಡ್ರುವವಳು.

ಹಿರಿಯರು ಗುಡಿ ಕಟ್ಟೆಯ ಮೇಲೆ ಸೇರಿ, ಊರಿನ ಒಗ್ಗಟ್ಟಿಗಾಗಿ ಅವಿರೋಧ ಆಯ್ಕೆ ಎಂದು ತೀರ್ಮಾನಿಸಿದರು. ಆ ಊರಿನ ಒಗ್ಗಟ್ಟು ಮೊದಲಿನಿಂದಲೂ ಸಾವುಕಾರರ ಕಡೆಗೇ ಇತ್ತು. ಸೊಸೆ ಮುಖ ಊದಿಸಿಕೊಂಡು ಹಿಂದೆ ಸರಿದಳು. ಗೌಸಿಯಾ ತಲೆ ಬಗ್ಗಿಸಿ ಬಂದು ಸಹಿ ಹಾಕಿದಳು.

ಸಂಘಕ್ಕೆ ಹೊಸದಾಗಿ ಸೇರಿದ್ದ ಸಂಗಮೇಶ ಅವಳಿಗಾಗಿ ಓಣಿ ಓಣಿ ತಿರುಗಿ ಗಂಟಲು ಹರಿದುಕೊಂಡಿದ್ದ. ಕಚೇರಿಯ ಬಾಗಿಲಲ್ಲೇ ಅಡ್ಡ ನಿಂತ.

“ಎಷ್ಟಕ್ಕ ಮಾರ್ಕೊಂಡಿ ಅಕ್ಕಾ?”

“ಹೇಳಿದಷ್ಟು ಮಾಡೇನಿ ತಮ್ಮಾ. ನನ್ನ ಏನೂ ಕೇಳಬ್ಯಾಡ.”

ಪಾಪ, ಹುಡುಗನ ಕಣ್ಣಲ್ಲಿ ನೀರು ಬಂತು. ಅತ್ತ ಸಾವುಕಾರರು ಶಾರವ್ವನಿಗೆ ತಾವೇ ಹಾರ ಹಾಕಿ, ಗುಲಾಲು ಹಾರಿಸಿ, ಊರಿಗೆಲ್ಲ ಪೇಢೆ ಹಂಚಿಸಿದರು. ಬಡವರ ಬಗ್ಗೆ ಸಣ್ಣದೊಂದು ಭಾಷಣವನ್ನೂ ಮಾಡಿದರು. ಭಾಷಣ ಚೆನ್ನಾಗಿತ್ತು.

ಮೊದಲ ಸಭೆಯಲ್ಲೇ ಶೆಡ್ಡಿನ ವಿಷಯ ಬಂತು. ಸದಸ್ಯೆಯರ ಗಂಡಂದಿರಿಗೆಂದು ಗೋಡೆಗೆ ಹಾಕಿರುತ್ತಿದ್ದ ಕುರ್ಚಿಯಲ್ಲಿ ಸಾವುಕಾರರು ಆರಾಮಾಗಿ ಕೂತಿದ್ದರು. ಜಾಗ ಸಹಕಾರಿಗೆ ಕೊಡಬೇಕೆನ್ನುವವರು ಕೈ ಎತ್ತಿ ಎಂದರು ಅಧ್ಯಕ್ಷರು. ಸಂಘದವರ ಕೈಗಳೆದ್ದವು. ಶಾರವ್ವನ ಕೈಯೂ ಎದ್ದಿತು.

“ಏ ಶಾರವ್ವಾ, ಈಗಲ್ಲ! ಇಳಸು!” ಸಾವುಕಾರರು ನಕ್ಕರು. “ಪಾಪ, ತಿಳಿದಿಲ್ಲ ಆಕಿಗೆ.”

ಕೈ ಇಳಿಯಲಿಲ್ಲ. ನಗು ಇಳಿಯಿತು.

“ಉಂಡ ಮನಿಗೆ ಎರಡು ಬಗೀತೀ ಏನ?”

“ಉಂಡಾವ್ರು ನೀವ್ರಿ ಸಾವ್ಕಾರ್ರ. ನಾ ಮಾಡಿ ನೀಡಿದಾಕಿ.”

ಸಾವುಕಾರರು ಎದ್ದು ನಿಂತರು. “ಆ ಗೌಸಿಯಾ ನಿನ್ನ ತಲಿ ಕೆಡಿಸ್ಯಾಳ!”

“ಆಕಿ ಯಾಕ ಕೆಡಸ್ತಾಳ್ರಿ,” ಎಂದಳು ಶಾರವ್ವ, “ಆಕೀ ತಲಿ ಕೆಡಿಸಿ ಸಂಘಕ್ಕ ಸೇರಿಸಿದಾಕಿನ ನಾನು.”