ತೋಟಾದ ಬುಡದ ಬಣ್ಣ

ಆರಿನ್ ಹಾರಿಸಿದ ಇಪ್ಪತ್ತನೇ ಗುಂಡಿನ ಖಾಲಿ ತೋಟಾ ಹಾರ್ಲನ್ನನ ಬೂಟಿನ ಹತ್ತಿರ ಬಂದು ಬಿತ್ತು. ತೋಟಾಕ್ಕೆ ಕಿಡಿ ಕೊಡುವ ಪ್ರೈಮರ್ ಸಿಗದೆ ಇಡೀ ಮೊಂಟಾನಾ ಬಾಯಿ ಬಾಯಿ ಬಿಡುತ್ತಿದ್ದಾಗ ಈ ನೆರೆಮನೆಯವನು ಅರಳು ಸಿಡಿದಂತೆ ಗುಂಡು ಹಾರಿಸುತ್ತಿದ್ದ. ಮತ್ತೆ ಮದ್ದು ತುಂಬಲು ಎಲ್ಲರೂ ಆಯ್ದುಕೊಳ್ಳುವ ಖಾಲಿ ತೋಟಾಗಳಿಗೂ ಬಗ್ಗುತ್ತಿರಲಿಲ್ಲ. ಹಾರ್ಲನ್ನನ ಹೊಟ್ಟೆ ಉರಿಯಿತು.

“ಪ್ರೈಮರ್ ಎಲ್ಲಿ ಸಿಕ್ತೋ ನಿಂಗೆ?”

“ಅದಕ್ಕೆಲ್ಲ ಪುಣ್ಯ ಮಾಡಿರ್ಬೇಕಪ್ಪ. ಬೇಕಾದ್ರೆ ನನ್ನ ಖಾಲಿ ತೋಟಾ ಆಯ್ಕೊ,” ಎಂದು ಆರಿನ್ ನಕ್ಕ.

ನಾಚಿಕೆ ಬಿಟ್ಟು ಹಾರ್ಲನ್ ಒಂದನ್ನು ಎತ್ತಿಕೊಂಡ. ಬುಡದಲ್ಲಿ, ಪ್ರೈಮರಿನ ಸುತ್ತ, ಉಗುರುಬಣ್ಣದ ತೆಳು ಗೆರೆಯಿತ್ತು: ನೇರಳೆಯಲ್ಲಿ ಬೆಳ್ಳಿ ಮಿನುಗು. ತೇವ ಒಳಗಿಳಿಯದಿರಲೆಂದು ಹಾರ್ಲನ್ನನ ತೋಟಾಗಳಿಗೂ ಅವನ ಹೆಂಡತಿ ಲೋರ್ನಾ ಇದನ್ನೇ ಬಳಿಯುತ್ತಿದ್ದಳು, ತಳ ಕಂಡ ಎರಡು ಸೀಸೆಗಳನ್ನು ತಾನೇ ಬೆರೆಸಿ. ಯಾವ ಅಂಗಡಿಯಲ್ಲೂ ಸಿಗುವ ಬಣ್ಣವಲ್ಲ ಅದು. “ಡಬ್ಬೀಲಿ ಒಂದು ಪ್ರೈಮರೂ ಉಳಿದಿಲ್ಲ ಕಣೋ,” ಎಂದು ಹೋದ ವಾರ ಹೇಳಿದವಳೂ ಅವಳೇ.

“ಬಣ್ಣ ಚೆನ್ನಾಗಿದೆ,” ಎಂದ ಹಾರ್ಲನ್. “ಯಾರು ಹಚ್ಚಿಕೊಟ್ರು?”

ಆರಿನ್ನನ ನಗು ನಿಂತಿತು. ಎಂದೂ ಬಗ್ಗದವನು ಮಂಡಿಯೂರಿ, ಬಿದ್ದ ಖಾಲಿ ತೋಟಾಗಳನ್ನೆಲ್ಲ ಎರಡೂ ಕೈಯಲ್ಲಿ ಬಾಚಿಕೊಳ್ಳತೊಡಗಿದ.