ಸಮಾಧಿಯೊಳಗಿನ ಕಾಯಿ

ಸಮಾಧಿಯ ಮೇಲಿನ ಇಸವಿಗೆ ಬಂದು ಒಗೊಲನ ಪೆನ್ನು ಗಕ್ಕನೆ ನಿಂತಿತು. ವಂಶವೃಕ್ಷ ಬರೆಯುವ ಹುಚ್ಚು ಹತ್ತಿ ತಿಂಗಳಾಗಿತ್ತಷ್ಟೆ; ಅಜ್ಜನ ಹಳೆಯ ಗುರುತಿನ ಚೀಟಿಯಲ್ಲಿದ್ದ ಊರನ್ನು ಹುಡುಕಿಕೊಂಡು ಮೊಂಬಾಸಾದಿಂದ ಬಂದಿದ್ದ. ಸಿಮೆಂಟಿನಲ್ಲಿ ಕೊರೆದ ಹೆಸರು ಅಜ್ಜನದೇ: ಒಡೇರೊ. ಸತ್ತದ್ದು 1981. ಆದರೆ ಅಜ್ಜ ತೀರಿಕೊಂಡದ್ದು ಹೋದ ವರ್ಷ, ಮೊಂಬಾಸಾದ ಮನೆಯಲ್ಲಿ, ಒಗೊಲನ ಕೈಯಿಂದಲೇ ಗಂಜಿ ಕುಡಿದು.

"ಇದರೊಳಗೆ ಯಾರಿದ್ದಾರಜ್ಜಿ?"

"ನನ್ನ ಗಂಡ ಕಣೋ. ಅಂದ್ರೆ, ಅವನ ಬದ್ಲು ಯಾಗೋ ಮರದ ಕಾಯಿ," ಎಂದಳು ಆ ಮನೆಯ ಮುದುಕಿ ಅಕುಮು, ಸಮಾಧಿಯ ಸುತ್ತಲ ಕಳೆ ಕೀಳುತ್ತ. "ರೈಲಿನ ಕೆಲ್ಸಕ್ಕೆ ಅಂತ ಹೋದೋನ್ದು ಸುದ್ದೀನೇ ಇಲ್ಲ. ಹತ್ತು ವರ್ಷ ಕಾದೆ. ಹೆಣ ಸಿಗ್ಲಿಲ್ಲ ಅಂದ್ರೆ ಕಾಯಿ ಹೂಳೋದು ತಾನೇ ನಮ್ಮಲ್ಲಿ? ಇರೋದ್ರಲ್ಲಿ ಉದ್ದದ್ದು ನೋಡಿ ನಾನೇ ಆರಿಸ್ದೆ. ಎತ್ತರದ ಆಳು ಅವನು."

ತೋರಿಸಲೆಂದು ತೆಗೆದಿದ್ದ ಫೋಟೊ ಒಗೊಲನ ಕೈಯಲ್ಲೇ ಉಳಿಯಿತು. ಅದರಲ್ಲಿ ಅಜ್ಜ ಮೊಮ್ಮಕ್ಕಳ ನಡುವೆ ಕೂತು ನಗುತ್ತಿದ್ದ.

"ಬೇರೆ ಹೆಂಗ್ಸನ್ನ ಕಟ್ಕೊಂಡಿರ್ತಾನೆ ಅಂದ್ರು ಊರೋರು," ಮುದುಕಿ ಸೊಂಟ ನೆಟ್ಟಗೆ ಮಾಡಿದಳು. "ಅಂಥೋನಲ್ಲ ಅವನು. ಬದುಕಿದ್ದಿದ್ರೆ ಬಂದೇ ಬರ್ತಿದ್ದ. ಅದನ್ನೂ ಬರ್ಕೋ."

ಒಗೊಲ ಫೋಟೊವನ್ನು ಪುಸ್ತಕದಡಿ ಬಚ್ಚಿಟ್ಟುಕೊಂಡು, ಒಂದಕ್ಷರವೂ ಬಿಡದೆ ಬರೆದುಕೊಂಡ.